ಕೋಣನೋ, ಕುದುರೆಯೋ

ಆ ಸಪ್ಪಳ!

ಅಂಗಳದಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದ ಹೊನ್ನವ್ವನ ಕೈಯಲ್ಲಿ ಒನಕೆ ಹಾಗೆಯೇ ನಿಂತಿತು. ಹೋದ ಸುಗ್ಗಿಯಿಂದ ತಿಳವಳ್ಳಿಯ ಆ ಓಣಿಯಲ್ಲಿ ಯಾರೂ ಕೇಳದ ಸಪ್ಪಳ ಅದು. ಅವಳ ಗಂಡ ಮಲ್ಲೇಶಿ ಕೊನೆಯ ಸಲ ಹತ್ತಿ ಹೋದ ಮೋಟಾರ್ ಸೈಕಲ್ಲಿನ ಸಪ್ಪಳ.

ಗಾಡಿ ನೇರ ಅಂಗಳಕ್ಕೇ ಬಂದು ನಿಂತಿತು. ಎತ್ತರದ ಗಾಡಿ. ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ಎರಡೂ ಬದಿಗೆ ತಗಡಿನ ಪೆಟ್ಟಿಗೆ. ಹೊಸ ಬಣ್ಣ ಬಳಿದಿದ್ದರು. ಆದರೂ ಅವಳಿಗೆ ಗುರುತು ಸಿಕ್ಕಿತು.

ಇಳಿದವನು ಉದ್ದನೆಯ, ಒಣಕಲು ಮನುಷ್ಯ. ಒಂದು ಬದಿಗೆ ಸ್ವಲ್ಪ ವಾಲಿ ನಿಂತ.

"ಹೊನ್ನವ್ವಾರು ನೀವ ಏನ್ರಿ? ನಾ ಪರಮೇಶಿ... ಸವಣೂರಾಂವ."

ಪರಮೇಶಿ!

ಮದುವೆಯಾದ ಮೇಲಿನ ಆ ಕೆಲವೇ ವಾರ ಗಂಡನ ಬಾಯಲ್ಲಿ ದಿನವೂ ಕೇಳಿದ್ದ ಹೆಸರು. ಆಮೇಲೆ ಊರವರ ಬಾಯಲ್ಲಿ ಬೇರೆಯೇ ರೀತಿ ಕೇಳಿದ ಹೆಸರು. ಗೆಳೆಯನನ್ನು ಕುಡುಗೋಲುಗಳ ನಡುವೆ ಬಿಟ್ಟು ಓಡಿಹೋದವನು!

ಮೊದಲ ಏಟು ಅವನ ಭುಜಕ್ಕೆ ಬಿತ್ತು. ಎರಡನೆಯದು ಹಣೆಗೆ. ಅವನು ಮೊಣಕಾಲೂರಿ ಕುಸಿದ. ರಕ್ತ ಹುಬ್ಬು ದಾಟಿ ಕಣ್ಣಿಗಿಳಿಯಿತು. ಆದರೂ ಅವನು ಕೈ ಅಡ್ಡ ತರಲಿಲ್ಲ.

"ತಡಿಯೋ! ಕೈ ಇಲ್ಲೇನ ನಿನಗ?"

"ಅದಾವ್ರಿ."

"ಮತ್ತ?"

"ನೀವು ಹೊಡ್ಯೂದು ಬರೋಬ್ಬರಿ ಐತಿ."

ಆ ಮಾತು ಅವಳನ್ನು ಇನ್ನಷ್ಟು ಉರಿಸಿತು. ಮತ್ತೆ ಎತ್ತಿದಳು. ಅತ್ತೆ ಕರೆವ್ವ ಒಳಗಿನಿಂದ ಓಡಿಬಂದು ಒನಕೆಗೆ ಜೋತುಬಿದ್ದಳು.

"ಬಿಡ ನನ್ನವ್ವಾ! ಸತ್ತಗಿತ್ತಾನ!"

"ಸಾಯ್ಲಿ ಅತ್ತಿ!"

"ಹೊಡೀಲಿ ಬಿಡಬೇ. ತಿನ್ನಾಕ ಬಂದಾನ, ತಿನ್ಲಿ," ಎಂದು ಕಟ್ಟೆಯ ಮೇಲಿಂದ ನಕ್ಕವನು ಚೌಡಪ್ಪ, ಮಲ್ಲೇಶಿಯ ಅಣ್ಣ. "ಅಂಗಿ ತಗಿ ಅನ್ನು ಅವಗ. ಬೆನ್ನ ನೋಡು, ಎಲ್ಲಾ ತಿಳಿತೈತಿ."

"ತಗಿ," ಎಂದಳು ಹೊನ್ನವ್ವ.

ಅವನು ಗುಂಡಿ ಬಿಚ್ಚಿ ತಿರುಗಿದ. ಹೆಗಲಿಂದ ಸೊಂಟದ ತನಕ ಬೆನ್ನು ಉತ್ತ ಹೊಲದ ಹಾಗಿತ್ತು. ಕುಡುಗೋಲಿನ ಗಾಯಗಳು ಮಾದು ದಪ್ಪ ಗೆರೆಗಳಾಗಿದ್ದವು.

ಆ ಸೀಮೆಯಲ್ಲಿ ಊರೂರ ಗುಡಿಯ ಮುಂದೆ ವೀರಗಲ್ಲುಗಳಿವೆ. ಕಾದಿ ಸತ್ತವನ ಗಾಯ ಎದೆಯ ಮೇಲಿರುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ಬೆನ್ನಿನ ಗಾಯ ಓಡಿದವನದು.

ಹೊನ್ನವ್ವ ಅವನ ಮುಂದೆ ಉಗುಳಿದಳು.

ಅವನು ಅಂಗಿ ಹಾಕಿಕೊಂಡ. ತೋಳಿನಿಂದ ಕಣ್ಣಿನ ರಕ್ತ ಒರೆಸಿಕೊಂಡ.

"ಪಾಲು ಇಡಾಕ ಬಂದೇನ್ರಿ. ನೀವು ಆರಿಸ್ಬೇಕು..."

*

ಎಪ್ಪತ್ತೆಂಟರಲ್ಲಿ ಬೆಳಗಾವಿಯಲ್ಲಿ ಮಿಲಿಟರಿಯವರು ಹಳೆಯ ಗಾಡಿಗಳನ್ನು ಹರಾಜಿಗೆ ಹಾಕಿದ್ದರು. ಮಲ್ಲೇಶಿ, ಪರಮೇಶಿ ಕೂಡಿ ಹೋಗಿ ಜೋಡಿ ಎತ್ತು ತಂದ ಹಾಗೆ ಎರಡು ಮೋಟಾರ್ ಸೈಕಲ್ ತಂದರು.

ಒಂದು ಅಮೆರಿಕದ್ದು. ತಗ್ಗು, ಅಗಲ, ಬಲು ಭಾರ. ಕಾಲಿಡಲು ಹಲಗೆ, ಕುರ್ಚಿಯಂಥ ಒಂಟಿ ಸೀಟು. ಹಿಂದೆ ಇನ್ನೊಬ್ಬರಿಗೆ ಜಾಗವಿಲ್ಲ. ಅದಕ್ಕೆ ಕೋಣ ಎಂದು ಹೆಸರಿಟ್ಟರು.

ಇನ್ನೊಂದು ಇಂಗ್ಲೆಂಡಿನದು. ಎತ್ತರ, ನೆಟ್ಟಗೆ, ದೂರದ ಹಾದಿಗೆಂದೇ ಮಾಡಿಸಿದ ಹಾಗೆ. ಇಬ್ಬರು ಕೂರುವ ಉದ್ದ ಸೀಟು. ಅದು ಕುದುರೆ. ಅದರ ಪೆಟ್ಟಿಗೆಗಳಲ್ಲಿ ಸವಣೂರಿನ ವೀಳ್ಯದೆಲೆ ತುಂಬಿಕೊಂಡು ಪರಮೇಶಿ ಶಿಗ್ಗಾಂವಿ, ಹಾನಗಲ್, ಹಿರೇಕೆರೂರು ತಿರುಗಿ ಮಾರುತ್ತಿದ್ದ. ಮಲ್ಲೇಶಿ ಕೋಣನನ್ನೇರಿ ಗದ್ದೆಗೆ, ಸಂತೆಗೆ ಹೋಗುತ್ತಿದ್ದ. ರೈತರು ಎತ್ತನ್ನು ಮುಯ್ಯಿಗೆ ಕೊಟ್ಟು ತರುವ ಹಾಗೆ ಅಪರೂಪಕ್ಕೊಮ್ಮೆ ಬೇಕಾದಾಗ ಇವರೂ ಬದಲು ಮಾಡಿಕೊಳ್ಳುತ್ತಿದ್ದರು.

ಆ ದಿನವೂ ಬದಲು ಮಾಡಿಕೊಂಡಿದ್ದರು. ಹಿರೇಕೆರೂರಿನ ತವರಿನಲ್ಲಿದ್ದ ಹೊನ್ನವ್ವನನ್ನು ಕರೆತರಲು ಮಲ್ಲೇಶಿಗೆ ಇಬ್ಬರು ಕೂರುವ ಗಾಡಿ ಬೇಕಿತ್ತು. ಮುಂದೆ ಕುದುರೆಯ ಮೇಲೆ ಮಲ್ಲೇಶಿ, ಹಿಂದೆ ಕೋಣನ ಮೇಲೆ ಪರಮೇಶಿ. ಹುಣಸೆ ಸಾಲಿನ ತಿರುವಿನಲ್ಲಿ ಮುಖಕ್ಕೆ ಬಟ್ಟೆ ಸುತ್ತಿಕೊಂಡವರು ಜಾಲಿಯ ಬೊಡ್ಡೆ ಅಡ್ಡ ಹಾಕಿ ಕುಡುಗೋಲು ಹಿಡಿದು ಕೂತಿದ್ದರು.

ಹೊನ್ನವ್ವ ಹೊಸ ಬಳೆ ತೊಟ್ಟು ತವರಿನ ಬಾಗಿಲಲ್ಲಿ ಕಾದಿದ್ದಳು. ಬಂದದ್ದು ಸುದ್ದಿ.

ಕೊಂದವರು ಯಾರೆಂದು ಗೊತ್ತಾಗಲಿಲ್ಲ. ಪರಮೇಶಿ ಓಡಿಹೋದ ಎಂದು ಊರಿಗೆಲ್ಲ ಹೇಳಿದವನು ಚೌಡಪ್ಪ. ಪರಮೇಶಿ ಹುಬ್ಬಳ್ಳಿಯ ದವಾಖಾನೆಯಲ್ಲಿ ಬೋರಲು ಮಲಗಿದ್ದ. ಅವನ ಪರವಾಗಿ ಹೇಳುವವರು ಯಾರೂ ಇರಲಿಲ್ಲ.

ಕೂಡಿ ಕೊಂಡದ್ದನ್ನು ಒಡೆಯುವಾಗ ಅಲ್ಲಿ ಒಂದು ರೀತಿಯಿದೆ. ಪಾಲು ಇಡುವವನು ಒಬ್ಬ, ಆರಿಸುವವನು ಇನ್ನೊಬ್ಬ. ಆರಿಸುವವರು ಸಾಕ್ಷಿಯ ಮುಂದೆ ತಮ್ಮ ಕೈಯಿಂದಲೇ ಮುಟ್ಟಬೇಕು. ಸತ್ತವನ ಪಾಲನ್ನು ಅವನ ಹೆಂಡತಿಯೇ ಮುಟ್ಟಬೇಕು.

ಹಿರಿಯರು ಬಂದರು. ಅಂದಿನಿಂದ ಹಿತ್ತಲಲ್ಲಿ ನಿಂತಿದ್ದ ಕೋಣನನ್ನೂ ತಂದರು; ಅಂಗಳದಲ್ಲಿ ಎರಡೂ ಗಾಡಿ ಪಕ್ಕಪಕ್ಕ ನಿಂತವು.

"ಲಗೂನ ಮುಟ್ಟವ್ವಾ," ಎಂದ ಚೌಡಪ್ಪ. "ಅಮಾಸಿ ಕಳದ ಮ್ಯಾಲೆ ನಿನ್ನ ಉಡಿಕಿ ಐತಿ."

ಅದು ಅವನು ಒಬ್ಬನೇ ನಿಶ್ಚಯ ಮಾಡಿದ ಉಡಿಕೆ, ಗಂಡ ಸತ್ತವಳ ಮರುಮದುವೆ. ಅವಳಿಗೆ ಸೀರೆ ಉಡಿಸಿ ಅಬಲೂರಿನ ಮಾರೆಪ್ಪನ ಮನೆಗೆ ಕಳಿಸುವುದು. ಮಾರೆಪ್ಪ ಚೌಡಪ್ಪನ ಹೆಂಡತಿಯ ತಮ್ಮ. ಅವನ ಮೊದಲ ಹೆಂಡತಿ ಏಟು ತಾಳಲಾರದೆ ಬಾವಿಗೆ ಹಾರಿದ್ದಳು. ಹೋದ ವಾರ ಬಂದವನು ನಗುನಗುತ್ತಲೇ ಹೊನ್ನವ್ವನ ಮಣಿಕಟ್ಟು ತಿರುಚಿ, "ಓದಿದ ಕೈ ಭಾಳ ಮೆತ್ತಗ ಐತಿ," ಎಂದಿದ್ದ. ಉಡಿಕೆಯಾದ ಹೆಣ್ಣಿಗೆ ಮೊದಲ ಗಂಡನ ಗದ್ದೆಯಲ್ಲಿ ಪಾಲಿಲ್ಲ. ಚೌಡಪ್ಪನಿಗೆ ಬೇಕಾದದ್ದು ಅದು.

"ಪಾಲು ಮುಟ್ಟೂತನಕ ಆಕಿ ಮಲ್ಲೇಶಿ ಹೆಂಡ್ತಿ," ಎಂದರು ಹಿರಿಯರಾದ ಹೊಳಬಸಪ್ಪ. "ಅಲ್ಲೀತನಕ ಉಡಿಕಿ ಮಾತಿಲ್ಲ."

ಕೋಣನ ಕಡೆ ಚಾಚಿದ್ದ ಹೊನ್ನವ್ವನ ಕೈ ಗಾಳಿಯಲ್ಲೇ ನಿಂತಿತು.

ಮುಟ್ಟಿದರೆ ಅಬಲೂರು... ಮುಟ್ಟದಿದ್ದರೆ?

ಕೈ ಹಿಂದಕ್ಕೆ ತೆಗೆದಳು.

"ನನಗ ಗಾಡಿ ತಿಳಿಯೂದಿಲ್ರಿ. ತಿಳೀದ ಹೆಂಗ ಆರಿಸ್ಲಿ? ಮೊದಲ ಕಲಸ್ಲಿ."

"ಯಾರು?"

ಅವಳು ಹಣೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ ಪರಮೇಶಿಯ ಕಡೆ ನೋಡದೆ ಬೆರಳು ತೋರಿಸಿದಳು.

"ಆ ಓಡಿಹ್ವಾದಾಂವ."

"ಧಾರವಾಡದಾಗ ಬಿ.ಎ. ಓದಿದಾಕೀನ ತಂದಿದ್ದ ತಪ್ಪಾತು!" ಎಂದು ಚೌಡಪ್ಪ ಕೂಗಿದ. ಹೊಳಬಸಪ್ಪ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. "ಕೇಳೂದು ನ್ಯಾಯ ಐತಿ ಬಿಡೋ. ಕಲಿಯೂವಾಗ ಮುಟ್ಟಿದ್ದು ಲೆಕ್ಕಕ್ಕಿಲ್ಲ," ಎಂದರು.

*

ವಾರವಾರ ಸಂತೆ ಮುಗಿಸಿ ಪರಮೇಶಿ ಬರುತ್ತಿದ್ದ. ಹೊಸ್ತಿಲ ಮೇಲೆ ಕರೆವ್ವನಿಗೊಂದು ಕಟ್ಟು ಎಲೆ ಇಟ್ಟು ಅಂಗಳದಲ್ಲಿ ನಿಲ್ಲುತ್ತಿದ್ದ. ಹೊನ್ನವ್ವ ಸೀರೆ ಕಚ್ಚೆ ಹಾಕಿ ಕೋಣನ ಮೇಲೆ ಕೂರುತ್ತಿದ್ದಳು.

"ಕ್ಲಚ್ಚು ಎಡಗಾಲಿಗ್ರಿ. ಗೇರು ಕೈಲೆ, ಟ್ಯಾಂಕಿನ ಬಾಜೂಕ. ಬ್ರೇಕು ಬಲಗಾಲಿಗೆ. ಮುಂದಿನ ಗಾಲಿ ಬ್ರೇಕು ಎಡಗೈಯಾಗ."

"ನಿನಗ ಬ್ರೇಕ ಯಾಕ ಬೇಕು? ಓಡೂದೊಂದ ಗೊತ್ತು."

ಅವನು ನುಂಗಿಕೊಂಡ. ಆ ಮೌನವೇ ಅವಳಿಗೆ ಸಿಟ್ಟು ತರಿಸುತ್ತಿತ್ತು. ಒಂದು ಸಂಜೆ ಅವನು ಗಾಡಿಯ ಮುಂದೆ ನಿಂತಿದ್ದಾಗ ಬೇಕೆಂದೇ ಕ್ಲಚ್ ಬಿಟ್ಟಳು. ಕೋಣ ಗುಡುಗಿ ಹಾರಿತು. ಅವನನ್ನು ಗೋಡೆಗೆ ಅದುಮಿ ನಿಂತಿತು. ಎಲುಬು ಮುರಿದ ಸದ್ದು ಅವಳಿಗೂ ಕೇಳಿಸಿತು.

ಅವನ ಮುಖ ಬಿಳುಚಿತು. ಉಸಿರು ಹಿಡಿದು ಹೇಳಿದ:

"ಕ್ಲಚ್ ಭಾಳ ಜಲ್ದಿ ಬಿಟ್ರಿ... ಸಾವಕಾಶ ಬಿಡ್ಬೇಕ್ರಿ."

ಅವಳಿಗೆ ನಗು ಬಂದುಬಿಟ್ಟಿತು! ಗಂಡ ಸತ್ತ ಮೇಲೆ ಮೊದಲ ಸಲ. ನಕ್ಕದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

'ಯಾಕ ತಿರುಗಿ ಹೊಡ್ಯೂದಿಲ್ಲ ಇಂವ? ಯಾಕ ಮತ್ತ ಮತ್ತ ಬರ್ತಾನ...?'

ಮುಂದಿನ ಸಂತೆಗೂ ಬಂದ. ಎದೆಗೆ ಪಟ್ಟಿ ಸುತ್ತಿಕೊಂಡೇ ಬಂದ. ಹ್ಯಾಂಡಲ್ ಹಿಡಿದಿದ್ದ ಅವಳ ಮಣಿಕಟ್ಟಿನ ಮೇಲೆ ಹೊಸದಾಗಿ ಮೂಡಿದ್ದ ನೀಲಿ ಗುರುತು ನೋಡಿದ.

"ಯಾರ ಕೆಲ್ಸ ರಿ ಇದು?"

"ನಿನಗ್ಯಾಕ?"

"ಮಾರೆಪ್ಪನ?"

ಅವಳು ಸೆರಗು ಎಳೆದು ಮಣಿಕಟ್ಟು ಮುಚ್ಚಿಕೊಂಡಳು.

ಎರಡು ದಿನ ಬಿಟ್ಟು ಕರೆವ್ವ ಸುದ್ದಿ ತಂದಳು. ಹಾನಗಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಮಾರೆಪ್ಪನ ಮುಂದಿನ ಹಲ್ಲು ಮುರಿದು ಕೈಗೆ ಕೊಟ್ಟಿದ್ದರಂತೆ. ಮುಂದಿನ ಸಲ ಪರಮೇಶಿ ಬಂದಾಗ ಅವನ ಬೆರಳ ಗೆಣ್ಣುಗಳ ಮೇಲೆ ಚರ್ಮವಿರಲಿಲ್ಲ.

"ಏನಾತು ಕೈಗೆ?"

"ಬಿದ್ದಿದ್ದೆ ರಿ."

"ಯಾರ ಹಲ್ಲಿನ ಮ್ಯಾಲೆ ಬಿದ್ದಿ?"

ಅವನ ತುಟಿಯ ಒಂದು ತುದಿ ಎದ್ದಿತು. ಅವಳು ಬೇಗ ಮುಖ ತಿರುಗಿಸಿದಳು. ಓಡಿಹೋಗುವವನ ಕೈ ಹೀಗಿರುತ್ತದೆಯೇ?

*

ಕೋಣ ಮುಗಿದು ಕುದುರೆಯ ಸರದಿ ಬಂತು. ಅದನ್ನು ಹತ್ತಲು ಅವಳಿಗೆ ಕಾಲೇ ಬರಲಿಲ್ಲ. ಪರಮೇಶಿ ಕಾದ. ಕೊನೆಗೆ ಹಲ್ಲು ಕಚ್ಚಿ ಹತ್ತಿದಳು.

"ಇದಕ್ಕ ಎಲ್ಲಾ ಉಲ್ಟಾ ರಿ," ಎಂದ. ಅವನ ದನಿ ಎಂದಿನಂತಿರಲಿಲ್ಲ. "ಕ್ಲಚ್ಚು ಎಡಗೈಯಾಗ. ಗೇರು ಬಲಗಾಲಿಗೆ. ಬ್ರೇಕು... ಎಡಗಾಲಿಗೆ."

ಹೊನ್ನವ್ವ ಬಲಗಾಲು ತುಳಿದಳು. ಎಡಗೈ ಅದುಮಿದಳು. ಕೋಣನ ಮೇಲೆ ಕಲಿತ ಕೈಕಾಲು ತಾವಾಗಿಯೇ ಹಾಗೆ ಮಾಡಿದವು. ಕುದುರೆಯ ಗಾಲಿ ಹಿಡಿಯಲಿಲ್ಲ. ಅಂಗಳದ ಇಳಿಜಾರಿನಲ್ಲಿ ಗಾಡಿ ಮುಂದೆಯೇ ಜಾರಿತು.

ಅವಳು ಎರಡೂ ಕಾಲು ನೆಲಕ್ಕೂರಿ ಹೇಗೋ ನಿಲ್ಲಿಸಿದಳು.

ವರ್ಷಗಟ್ಟಲೆ ಕೋಣನನ್ನೇ ಓಡಿಸಿದ ಮಲ್ಲೇಶಿ. ಎದುರಿಗೆ ಬೊಡ್ಡೆ, ಕುಡುಗೋಲು. ಅಂಜಿದ ಕಾಲು ರೂಢಿಯ ಜಾಗಕ್ಕೇ ಹೋಗುತ್ತದೆ.

"ಅವರು... ನಿಲ್ಲಸಾಕ ನೋಡಿದ್ರೇನು?"

ಪರಮೇಶಿ ಮಣ್ಣಿನಲ್ಲಿ ಕುಸಿದು ಕೂತ.

"ನಾ ಹಿಂದ ಇದ್ದೆ ರಿ. ಕಣ್ಣಾರೆ ನೋಡಿದೆ. ಬಲಗಾಲು ತುಳದ... ತುಳದ... ಗಾಡಿ ನಿಂದರಲಿಲ್ಲ. ಹೋಗಿ ಬೊಡ್ಡಿಗೆ ಬಡದ." ಅವನು ಹಿಡಿ ಮಣ್ಣು ಹಿಸುಕಿದ. "ಕುದುರಿ ಕೊಡಬೇಕಾದ್ರ ನಾ ಒಂದ ಮಾತು ಹೇಳ್ಬೇಕಿತ್ತು. ಬ್ರೇಕು ಎಡಕ್ಕೈತಿ, ನೆನಪಿರ್ಲಿ ಅಂತ. ನಿಮ್ಮನ್ನ ಕರ್ಕೊಂಡ ಬರೂ ಖುಷಿ ಅವಗ. ನಗಸ್ಕೋತ ನಿಂತಿದ್ದೆ. ಮರತೆ..."

"ಅದಕ್ಕ ಬಂದು ನನ್ನ ಕೈಲೆ ಹೊಡಸ್ಕೊಂಡ್ಯಾ?"

"ಹೂಂ."

"ಆಮ್ಯಾಲೆ ಓಡಿದಿ?"

ಉತ್ತರ ಹೊಸ್ತಿಲಿನಿಂದ ಬಂತು.

"ಇಂವ ಓಡಿಲ್ಲವ್ವಾ."

ಕರೆವ್ವ! ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಮಗನ ಹೆಣಾ ತೊಳದಾಕಿ ನಾನು. ತಲಿ ಒಡದಿತ್ತು, ಅಷ್ಟ. ಮೈಮ್ಯಾಲೆ ಒಂದರೆ ಕುಡಗೋಲ ಗಾಯ ಇದ್ದಿಲ್ಲ. ಕೊಲ್ಲಾಕಂತ ಬಂದವ್ರು ಒಂದೂ ಹಾಕದ ಹೋದ್ರೇನು? ಎಲ್ಲಾ ಇವನ ಬೆನ್ನಮ್ಯಾಲೆ ಅದಾವ. ನನ್ನ ಮಗನ್ನ ಮುಚ್ಚಿ ಬೋರಲ ಬಿದ್ದಿದ್ದ ಇಂವ."

ಹೊನ್ನವ್ವ ಗಾಡಿಯಿಂದ ಇಳಿದುಬಿಟ್ಟಳು. ಆ ಬೆನ್ನು ನೋಡಿ ತಾನು ಉಗುಳಿದ್ದಳು!

"ಮತ್ತ ಇಷ್ಟ ದಿನಾ ಬಾಯಿ ಮು‌ಚ್ಚಿದ್ಯಲ್ಲ ಅತ್ತಿ! ಯಾಕ?"

"ಆ ಮುಂಜಾನಿ ಹಿತ್ತಲದಾಗ ಕುಡಗೋಲ ಮಸ್ಯಾಕತ್ತಿದ್ರು. ಮಾರೆಪ್ಪ... ಮತ್ತ ಚೌಡ್ಯಾ. ಮಲ್ಲೇಶಿ ಗದ್ದಿ ಪಾಲು ಕೇಳಿದ್ನಲ್ಲ." ಮುದುಕಿ ಸೆರಗು ಬಾಯಿಗೆ ತುರುಕಿಕೊಂಡಳು. "ಅವನೂ ನನ್ನ ಹೊಟ್ಯಾಗ ಹುಟ್ಟಿದಾಂವ. ಹೆಂಗ ಹೇಳ್ಲೆವ್ವಾ...?"

"ಈಗ ಹೇಳಿದ್ಯಲ್ಲಬೇ."

ಹಿತ್ತಲ ಬಾಗಿಲಲ್ಲಿ ಚೌಡಪ್ಪ ನಿಂತಿದ್ದ. ಅವನ ಹಿಂದೆ ಹಲ್ಲು ಹೋದ ಮಾರೆಪ್ಪ. ಅವನ ಕೈಯಲ್ಲಿ ಕೊಡಲಿ.

*

ಮಾರೆಪ್ಪ ನೇರ ನುಗ್ಗಿದ. ಮೇಲೇಳುತ್ತಿದ್ದ ಪರಮೇಶಿಯ ಮೊಣಕಾಲಿಗೆ ಕೊಡಲಿಯ ಬೆನ್ನಿನಿಂದ ಹೊಡೆದ. ಬಿದ್ದವನ ತೊಡೆಗೆ ಅದರ ಬಾಯಿ ಇಳಿಸಿದ. ರಕ್ತ ಚಿಮ್ಮಿ ಕುದುರೆಯ ಗಾಜಿಗೆ ಹಾರಿತು.

"ಓಡ್ರಿ!" ಎಂದು ಕಿರುಚಿದ ಪರಮೇಶಿ. ಮಾರೆಪ್ಪನ ಕಾಲಿಗೆ ತೆಕ್ಕೆ ಬಿದ್ದು ಅವನನ್ನು ಕೆಡವಿದ. ಇಬ್ಬರೂ ಮಣ್ಣಿನಲ್ಲಿ ಉರುಳಿದರು. ಒಬ್ಬರ ಕೈ ಇನ್ನೊಬ್ಬರ ಗಂಟಲಲ್ಲಿ.

ಚೌಡಪ್ಪ ಹೊನ್ನವ್ವನ ಜಡೆ ಕೈಗೆ ಸುತ್ತಿಕೊಂಡು ಎಳೆದ. "ಮುಟ್ಟ್ ಕೋಣನ್ನ! ಇವತ್ತ ಮುಟ್ಟು, ನಾಳೆ ಉಡಿಕಿ! ಮುಟ್ಟ ಅಂದ್ರ!" ಅವಳ ಮುಖವನ್ನು ಕೋಣನ ಟ್ಯಾಂಕಿನ ಕಡೆಗೆ ಒತ್ತಿದ. ಅವಳು ಎರಡೂ ಕೈ ಬೆನ್ನ ಹಿಂದೆ ಬಿಗಿದುಕೊಂಡಳು. ಮೂಗು ಒಡೆಯಿತು. ಆದರೂ ಕೈ ಮುಂದೆ ತರಲಿಲ್ಲ.

ಠಣ್!

ಚೌಡಪ್ಪನ ಹಿಡಿತ ಸಡಿಲಿತು. ಅವನು ತಾಯಿಯ ಕಡೆ ತಿರುಗಿ, ಏನೋ ಕೇಳುವವನ ಹಾಗೆ ಬಾಯಿ ತೆರೆದು, ಹಾಗೆಯೇ ಕುಸಿದ. ಕರೆವ್ವನ ಕೈಯಲ್ಲಿ ಚಪ್ಪಟೆಯಾದ ತಾಮ್ರದ ಕೊಡವಿತ್ತು.

ಅತ್ತ ಮಾರೆಪ್ಪನ ಕಿವಿಯ ತುಂಡು ಪರಮೇಶಿಯ ಹಲ್ಲಿನಲ್ಲಿತ್ತು. ಮಾರೆಪ್ಪ ಊಳಿಡುತ್ತ, ಕೊಡಲಿ ತಡಕಿ ಎತ್ತಿಕೊಂಡು ಓಣಿಗೆ ಓಡಿದ. "ಬರ್ರೋ! ಬರ್ರೋ ಯಾರರ!"

ಪರಮೇಶಿಯ ತೊಡೆಯಿಂದ ರಕ್ತ ನಿಲ್ಲಲೊಲ್ಲದು. ಹಾನಗಲ್ಲಿನ ದವಾಖಾನೆಗೆ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು.

ಎರಡು ಗಾಡಿ. ಒಂದನ್ನು ಅವಳು ಚೆನ್ನಾಗಿ ಕಲಿತಿದ್ದಳು. ಆದರೆ ಅದರಲ್ಲಿ ಒಬ್ಬರಿಗೇ ಜಾಗ. ಇನ್ನೊಂದರ ಮೇಲೆ ಅವಳ ಗಂಡ ಸತ್ತಿದ್ದ. ಅದನ್ನು ಅವಳು ಇನ್ನೂ ಓಡಿಸಿರಲಿಲ್ಲ.

ಹೊನ್ನವ್ವ ಕುದುರೆಯನ್ನು ಮುಟ್ಟಿದಳು.

ಕರೆವ್ವನ ಸೀರೆ ಹರಿದು ಅವನ ತೊಡೆ ಬಿಗಿದಳು. ಇಬ್ಬರೂ ಕೂಡಿ ಅವನನ್ನು ಸೀಟಿಗೆ ಏರಿಸಿದರು. ತನ್ನ ಸೆರಗಿನಿಂದ ಅವನನ್ನು ತನ್ನ ಬೆನ್ನಿಗೆ ಕಟ್ಟಿಕೊಂಡಳು.

"ದೂಡ ಅತ್ತಿ!"

ಮುದುಕಿ ಇಡೀ ಮೈಯಿಂದ ದೂಡಿದಳು. ಇಳಿಜಾರಿನಲ್ಲಿ ಗಾಲಿ ತಿರುಗಿದವು.

"ಕ್ಲಚ್ಚು... ಸಾವಕಾಶ..." ಎಂದಿತು ಕಿವಿಯ ಹತ್ತಿರ ಒಂದು ದನಿ.

ಸಾವಕಾಶ ಬಿಟ್ಟಳು. ಕುದುರೆ ಕೆಮ್ಮಿ, ಗುಡುಗಿ, ಎದ್ದಿತು.

ಓಣಿಯ ಬಾಯಲ್ಲಿ ಮಾರೆಪ್ಪ ಕೊಡಲಿ ಎತ್ತಿ ಅಡ್ಡ ನಿಂತಿದ್ದ. ಅವಳಿಗೆ ಬ್ರೇಕ್ ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿತ್ತು. ಎಡಗಾಲು ಅದರ ಮೇಲೆಯೇ ಇತ್ತು.

ಒತ್ತಲಿಲ್ಲ.

*

ಮಾರೆಪ್ಪನ ಸೊಂಟ ಮುರಿದಿತ್ತು. ಅದೇ ದವಾಖಾನೆಯ ಇನ್ನೊಂದು ಕೋಣೆಯಲ್ಲಿ ಮಲಗಿದ್ದ. ಬಾಗಿಲಲ್ಲಿ ಪೊಲೀಸರು ಕೂತಿದ್ದರು. ಮರುದಿನದ ಮೊದಲ ಬಸ್ಸಿಗೆ ಕರೆವ್ವ ಒಬ್ಬಳೇ ಹಾನಗಲ್ಲಿಗೆ ಬಂದು ಠಾಣೆಯಲ್ಲಿ ಎಲ್ಲ ಹೇಳಿದಳು. ಹೇಳಿ ಹೊರಬಂದು ಕಟ್ಟೆಯ ಮೇಲೆ ಕೂತು ಇಬ್ಬರು ಮಕ್ಕಳ ಹೆಸರನ್ನೂ ಹಿಡಿದು ಅತ್ತಳು. ಚೌಡಪ್ಪನ ಕೈಗೆ ಕೋಳ ಬಿತ್ತು.

ಹೊಳಬಸಪ್ಪ ನೋಡಲು ಬಂದರು. "ಕರೆವ್ವನ ಮುಂದ ಮುಟ್ಟಿ ಆರಿಸ್ಯಾಳ. ಕುದುರಿ ಆಕೀದು, ಕೋಣ ನಿಂದು. ಗದ್ದಿ ಪಾಲೂ ಆಕೀದ. ಮುಗೀತು," ಎಂದು ಪರಮೇಶಿಗೆ ಹೇಳಿ ಹೋದರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಅವನ ಕಾಲಿಗೆ ಹಲಗೆ ಕಟ್ಟಿದ್ದರು. ಅವಳ ಮೂಗು ಇನ್ನೂ ಬಾತಿತ್ತು.

"ನಾ ನಿನಗ ಏನೇನ ಅಂದೆ..." ಎಂದಳು. ಕಣ್ಣು ತುಂಬಿ ಬಂತು. "ಒಂದ ಸಲಾರ ಹೇಳ್ಬೇಕಿತ್ತಲ್ಲ? ನಾ ಓಡಿಲ್ಲ ಅಂತ?"

"ಹೇಳಿದ್ರ ಹೊಡ್ಯೂದು ಬಿಡ್ತಿದ್ರಿ. ನನಗ ಅದು ಬೇಕಾಗಿತ್ತು."

"ಹುಚ್ಚ."

"ಹೌದ್ರಿ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅತ್ತ ನೋಡುತ್ತಲೇ ಹೇಳಿದಳು:

"ಪಾಲು ಮುಗೀತಲ್ಲ. ಈಗ ಉಡಿಕಿಗೆ ಅಡ್ಡಿ ಇಲ್ಲ. ಗದ್ದಿ ಹೋದ್ರ ಹೋಗ್ಲಿ, ಅತ್ತಿ ಉಣ್ತಾಳ."

ಅವನು ಹೊದಿಕೆಯ ನೂಲು ಎಳೆಯತೊಡಗಿದ.

"ಯಾರ ಜೋಡಿ ಅಂತ ಕೇಳೂದಿಲ್ಲೇನು?"

"ಕೇಳಾಕ ಅಂಜಿಕಿ ಬರ್ತೈತ್ರಿ."

"ಕೊಡ್ಲಿಗೆ ಅಂಜಲಿಲ್ಲ?"

"ಅದು ಬ್ಯಾರೆ..."

"ನಾ ಅವರನ್ನ ಮರೆಯಂಗಿಲ್ಲ. ಮೊದಲ ಹೇಳ್ತೇನಿ."

"ನೀವು ಮರತ್ರ ನಾ ನಿಮ್ಮ ಜೋಡಿ ಮಾತ ಬಿಡ್ತೇನಿ," ಎಂದ. ಅವನ ಕಣ್ಣಂಚಿನಿಂದ ನೀರು ಜಾರಿ ಕಿವಿಗೆ ಇಳಿಯಿತು. "ಅವ ನನ್ನ ಗೆಳ್ಯಾ."

ಹೊನ್ನವ್ವ ಸೆರಗಿನ ತುದಿಯಿಂದ ಆ ನೀರು ಒರೆಸಿದಳು. ಒರೆಸಿದ ಕೈ ಹಿಂದೆ ಬರಲಿಲ್ಲ. ಅವನ ಕೆನ್ನೆಯ ಮೇಲೆಯೇ ಉಳಿಯಿತು.

"ಸೀರಿ ತರಾಕ ಹುಬ್ಬಳ್ಳಿಗೆ ಹೋಗ್ಬೇಕು," ಎಂದ ಅವನು ಮೆಲ್ಲಗೆ. "ಈ ಕಾಲು ನೆಟ್ಟಗಾಗೂತನಕ ತಡೀತೀರಿ?"

"ಯಾಕ ತಡೀಲಿ? ನಾನ ಕರ್ಕೊಂಡ ಹೋಗ್ತೇನಿ."

"ಹೆಂಡ್ತಿ ಮುಂದ, ಗಂಡ ಹಿಂದ... ಶಿಗ್ಗಾಂವಿ ದಾಟೂದ್ರಾಗ ಮಂದಿ ಏನಂದಾರು?"

"ಏನಾರ ಅನ್ಲಿ. ನೀ ಗಟ್ಟ್ಯಾಗಿ ಹಿಡಕೊಂಡ ಕುಂದ್ರು."

ಪರಮೇಶಿ ಕೆನ್ನೆಯ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈ ಇಟ್ಟ.

"ಹಿಡಕೊಂಡೇನಿ," ಎಂದ.